ಯಾರೂ ಅಳೆಯದ ವಿಕಿರಣದ ಲೆಕ್ಕ

ಪೆಸಿಫಿಕ್ ಸಾಗರದ ರೊಂಗೆಲಾಪ್ ದ್ವೀಪದ ಜನರಿಗೆ 1954ರ ಮಾರ್ಚ್ ಮೊದಲ ವಾರದಲ್ಲಿ ಅಮೆರಿಕದ ಬಾಂಬ್ ಪರೀಕ್ಷೆಯಿಂದ ತಾಗಿದ ವಿಕಿರಣ 175 ರಾಡ್ (ಮೈ ಹೀರಿಕೊಂಡ ವಿಕಿರಣದ ಹಳೆಯ ಅಳತೆ) ಎಂದು ಅಮೆರಿಕದ ವೈದ್ಯರ ವರದಿ ದಾಖಲಿಸುತ್ತದೆ. ಪಕ್ಕದ ಐಲಿಂಗಿನೇ ಹವಳದ್ವೀಪದಲ್ಲಿದ್ದವರಿಗೆ 69, ಇನ್ನೂ ಪೂರ್ವಕ್ಕಿರುವ ಉಟ್ರಿಕ್‌ನವರಿಗೆ 14. ಸಂಖ್ಯೆಗಳ ಈ ಅಚ್ಚುಕಟ್ಟುತನ ನೋಡಿದರೆ ಪ್ರತಿಯೊಬ್ಬರ ಎದೆಗೂ ಮಾಪಕ ಸಿಕ್ಕಿಸಿ ಅಳೆದಿರಬೇಕು ಎನಿಸುತ್ತದೆ. ಆ ಮೂರು ಕಡೆ ಇದ್ದ 239 ಮಂದಿ ಮಾರ್ಷಲ್ ದ್ವೀಪವಾಸಿಗಳಲ್ಲಿ ಒಬ್ಬರ ಬಳಿಯೂ ಮಾಪಕ ಇರಲಿಲ್ಲ. ಹತ್ತಿರದಲ್ಲಿ ಓಡುತ್ತಿದ್ದ ಸ್ವಯಂಚಾಲಿತ ಉಪಕರಣ ಇದ್ದದ್ದು ರೊಂಗೆರಿಕ್‌ನಲ್ಲಿ, 28 ಮಂದಿ ಅಮೆರಿಕನ್ ಹವಾಮಾನ ಸಿಬ್ಬಂದಿಯ ಠಾಣೆಯಲ್ಲಿ. ಅದು ಗಂಟೆಗೆ 100 ಮಿಲಿರಾಂಟ್ಜೆನ್‌ವರೆಗೆ ಮಾತ್ರ ಅಳೆಯಬಲ್ಲದಾಗಿತ್ತು (ಒಂದು ರಾಂಟ್ಜೆನ್ ಹೆಚ್ಚೂಕಡಿಮೆ ಒಂದು ರಾಡ್). ಬಾಂಬ್ ಸಿಡಿದ ಸುಮಾರು ಏಳು ಗಂಟೆಗಳ ಬಳಿಕ ಅದರ ಮುಳ್ಳು ತುದಿ ಮುಟ್ಟಿತು. ಅಲ್ಲಿಂದ ಮುಂದಕ್ಕೆ ಅದು ಹೇಳಿದ್ದು ಒಂದೇ: ನನ್ನ ಅಳತೆಗೆ ಮೀರಿದ್ದು.

ಹಾಗಾದರೆ 175 ಎಲ್ಲಿಂದ ಬಂತು? ಈ ಪ್ರಶ್ನೆ ಎಪ್ಪತ್ತು ವರ್ಷ ಹಳೆಯದಾದರೂ ಹಳಸಿಲ್ಲ. ಪೆಸಿಫಿಕ್ ಸಾಗರದ ಎರಡು ಕಡೆ, ಅಮೆರಿಕ ಬಾಂಬ್ ಸಿಡಿಸಿದ ಮಾರ್ಷಲ್ ದ್ವೀಪಗಳಲ್ಲಿ ಮತ್ತು ಫ್ರಾನ್ಸ್ ಸಿಡಿಸಿದ ಪಾಲಿನೇಷ್ಯಾದಲ್ಲಿ, ಯಾರಿಗೆ ಪರಿಹಾರ ಸಿಗಬೇಕು, ಯಾವ ದ್ವೀಪಕ್ಕೆ ಮರಳಬಹುದು, ಯಾರ ಕ್ಯಾನ್ಸರ್ ಸರ್ಕಾರದ ಹೊಣೆ ಎಂಬ ವಾದಗಳೆಲ್ಲ ಕೊನೆಗೆ ಇಂಥದೊಂದು ಸಂಖ್ಯೆಗೆ ಬಂದು ನಿಲ್ಲುತ್ತವೆ. ಅದನ್ನು ಕಟ್ಟುವ ಬಗೆ ಗೊತ್ತಾದರೆ ಅದರ ಮೇಲೆ ಎಷ್ಟು ಭಾರ ಹೇರಬಹುದು ಎಂಬುದೂ ಗೊತ್ತಾಗುತ್ತದೆ. ಹೊರಲಾರದಷ್ಟು ಭಾರ ಹೇರಲಾಗಿದೆ ಎನ್ನುವುದು ನನ್ನ ತಕರಾರು.

ಮೊದಲು ಘಟನೆ. 1946ರಿಂದ 1958ರವರೆಗೆ ಅಮೆರಿಕ ಬಿಕಿನಿ ಮತ್ತು ಎನೆವೆಟಕ್ ಹವಳದ್ವೀಪಗಳನ್ನು ನೆಲೆಯಾಗಿಸಿಕೊಂಡು 67 ಅಣ್ವಸ್ತ್ರ ಪರೀಕ್ಷೆ ನಡೆಸಿತು. 1947ರಿಂದ ಮಾರ್ಷಲ್ ದ್ವೀಪಗಳು ವಿಶ್ವಸಂಸ್ಥೆ ಅಮೆರಿಕದ ಪಾಲನೆಗೆ ಒಪ್ಪಿಸಿದ್ದ ಪ್ರದೇಶವಾಗಿದ್ದವು. 1954ರ ಮಾರ್ಚ್ 1ರ ಬೆಳಗ್ಗೆ ಬಿಕಿನಿಯಲ್ಲಿ ಸಿಡಿದ ‘ಬ್ರಾವೋ’ ಎಂಬ ಜಲಜನಕ ಬಾಂಬಿನಿಂದ ಸುಮಾರು 6 ಮೆಗಾಟನ್ ಶಕ್ತಿ ಬರಬಹುದೆಂದು ಲೆಕ್ಕ ಹಾಕಿದ್ದರು. ಬಂದದ್ದು 15. ಇಂಧನದಲ್ಲಿದ್ದ ಲಿಥಿಯಂ-7 ಸುಮ್ಮನಿರುತ್ತದೆ ಎಂದುಕೊಂಡಿದ್ದರು, ಅದೂ ಉರಿಗೆ ಸೇರಿಕೊಂಡಿತು. ಪುಡಿಯಾದ ಹವಳ ವಿಕಿರಣ ಬೂದಿಯಾಗಿ ಮೇಲೇರಿ ಪೂರ್ವಕ್ಕೆ ಸಾಗಿತು. ಬಿಕಿನಿಯಿಂದ ಸುಮಾರು 180 ಕಿಲೋಮೀಟರ್ ದೂರದ ರೊಂಗೆಲಾಪ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಬಿಳಿಯ ಪುಡಿ ಉದುರತೊಡಗಿತು. ಮರ, ನೀರಿನ ತೊಟ್ಟಿ, ಒಣಗಲು ಹರಡಿದ್ದ ಮೀನು, ಎಣ್ಣೆ ಹಚ್ಚಿದ ಕೂದಲು, ಎಲ್ಲದಕ್ಕೂ ಅದು ಅಂಟಿತು. ಮಕ್ಕಳು ಅದರಲ್ಲಿ ಆಡಿದರು. ಅಲ್ಲಿಯ ಜನರನ್ನು ಹಡಗಿಗೆ ಹತ್ತಿಸಿದ್ದು ಎರಡು ದಿನಗಳ ಬಳಿಕ, ಮಾರ್ಚ್ 3ರಂದು. ಉಟ್ರಿಕ್‌ನವರ ಸರದಿ ಬಂದದ್ದು ಮರುದಿನ.

ತೆರವಿಗೆ ಮುಂಚೆ ವಿಮಾನದಲ್ಲಿ ಬಂದ ತಂಡಗಳು ನೆಲದ ಮೇಲಿನ ವಿಕಿರಣ ತೀವ್ರತೆಯನ್ನು ಅಳೆದವು. ಲೆಕ್ಕದ ಆಧಾರ ಇಷ್ಟೇ. ಬಾಂಬಿನ ಬೂದಿಯಲ್ಲಿ ನೂರಾರು ಬಗೆಯ ಪರಮಾಣುಗಳಿದ್ದು ಒಂದೊಂದೂ ತನ್ನದೇ ವೇಗದಲ್ಲಿ ಕ್ಷಯಿಸುತ್ತದೆ. ಒಟ್ಟಾಗಿ ನೋಡಿದರೆ ಅವುಗಳ ಇಳಿಕೆ ಒಂದು ಒರಟು ಸೂತ್ರಕ್ಕೆ ಒಗ್ಗುತ್ತದೆ: ಸ್ಫೋಟದ ಬಳಿಕ ಕಳೆದ ಸಮಯ ಏಳು ಪಟ್ಟಾದರೆ ತೀವ್ರತೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಹೀಗಾಗಿ ಐವತ್ತನೇ ಗಂಟೆಯಲ್ಲಿ ಕಂಡ ತೀವ್ರತೆಯ ಸುಮಾರು ಹದಿನಾರು ಪಟ್ಟು ಐದನೇ ಗಂಟೆಯಲ್ಲಿ ಇದ್ದಿರಬೇಕು. ಅಂದರೆ ಡೋಸಿನ (ಮೈಗೆ ತಾಗಿದ ಒಟ್ಟು ವಿಕಿರಣದ) ದೊಡ್ಡ ಪಾಲು ಯಾರೂ ಅಳೆಯದ ಮೊದಲ ಗಂಟೆಗಳಲ್ಲೇ ಅಡಗಿದೆ. ಬೂದಿ ಬಂದು ಮುಟ್ಟಿದ್ದು ನಾಲ್ಕನೇ ಗಂಟೆಗೋ ಆರನೇ ಗಂಟೆಗೋ? ಈ ಒಂದು ಪ್ರಶ್ನೆಗೆ ಉತ್ತರ ಬದಲಾದರೆ ಎರಡು ದಿನಗಳ ಒಟ್ಟು ಮೊತ್ತ ಸುಮಾರು ಕಾಲು ಭಾಗದಷ್ಟು ಆಚೀಚೆ ಆಗುತ್ತದೆ. ಉದುರುವುದು ಎಷ್ಟು ಹೊತ್ತು ನಡೆಯಿತು, ಜನ ಗುಡಿಸಲ ಒಳಗಿದ್ದರೋ ಹೊರಗಿದ್ದರೋ, ಕಡಲಲ್ಲಿ ಮಿಂದರೋ ಇಲ್ಲವೋ, ಇವೂ ಲೆಕ್ಕಕ್ಕೆ ಬೇಕು. ಪ್ರತಿಯೊಂದಕ್ಕೂ ಒಂದೊಂದು ಊಹೆ ಇಟ್ಟುಕೊಂಡು ಗುಣಾಕಾರ ಮಾಡಿದಾಗ ಬಂದ ಉತ್ತರ 175.

ಅದು ಕೆಟ್ಟ ಅಂದಾಜಾಗಿರಲಿಲ್ಲ, ಇದನ್ನೂ ಹೇಳಬೇಕು. ರೊಂಗೆಲಾಪ್ ಜನರ ರಕ್ತದಲ್ಲಿ ಪ್ಲೇಟ್‌ಲೆಟ್ ಎಣಿಕೆ ನಾಲ್ಕನೇ ವಾರದ ಹೊತ್ತಿಗೆ ಸಹಜ ಮಟ್ಟದ ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿದಿತ್ತು. ಹಲವರಿಗೆ ಮೊದಲ ಎರಡು ದಿನ ವಾಂತಿ, ವಾಕರಿಕೆ. ಬಳಿಕ ಬೂದಿ ತಾಗಿದಲ್ಲೆಲ್ಲ ಚರ್ಮ ಸುಟ್ಟ ಗಾಯ, ಕೂದಲು ಉದುರುವಿಕೆ. ಇವೆಲ್ಲ ಒಂದೆರಡು ಗ್ರೇ ಮಟ್ಟದ ಡೋಸಿಗೆ ಹೊಂದುವ ಲಕ್ಷಣಗಳು. 100 ರಾಡ್ ಎಂದರೆ 1 ಗ್ರೇ. ಅರ್ಧ ಶತಮಾನದ ಬಳಿಕ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದಾಗಲೂ ಮೈಗೆ ಹೊರಗಿನಿಂದ ತಾಗಿದ ಡೋಸು ಸುಮಾರು 1.6 ಗ್ರೇ ಎಂದೇ ಬಂತು.

ಎಡವಟ್ಟಾದದ್ದು ಮೈಯೊಳಗೆ ಸೇರಿದ್ದರ ಲೆಕ್ಕದಲ್ಲಿ.

ಹದಿನಾರನೇ ದಿನದ ಮೂತ್ರ

ಬೂದಿಯಲ್ಲಿದ್ದ ಅಯೋಡಿನ್ ನೀರು, ಊಟ, ಕೈಬೆರಳುಗಳ ಮೂಲಕ ಹೊಟ್ಟೆಗೆ ಹೋಗಿ ಥೈರಾಯ್ಡ್ ಗ್ರಂಥಿಯಲ್ಲಿ ಶೇಖರವಾಗುತ್ತದೆ. ಎಷ್ಟು ಸೇರಿತ್ತು ಎಂದು ತಿಳಿಯಲು ಉಳಿದಿರುವ ಮುಖ್ಯ ಪುರಾವೆ, ಸ್ಫೋಟವಾಗಿ ಎರಡು ವಾರ ಕಳೆದ ಮೇಲೆ, ಸುಮಾರು ಹದಿನಾರನೇ ದಿನ, ಸಂಗ್ರಹಿಸಿ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೂತ್ರದ ಮಾದರಿಗಳು. ಹಲವರ ಮೂತ್ರವನ್ನು ಒಟ್ಟು ಸೇರಿಸಿ ಅಳೆದಿದ್ದರು. ಸಿಕ್ಕಿದ್ದು ಅಯೋಡಿನ್-131. ಅದರ ಅರ್ಧಾಯುಷ್ಯ, ಅಂದರೆ ಅರ್ಧ ಭಾಗ ಕ್ಷಯಿಸಲು ಹಿಡಿಯುವ ಸಮಯ, ಎಂಟು ದಿನ, ಹಾಗಾಗಿ ಕಾಲು ಭಾಗ ಉಳಿದಿತ್ತು. ಆದರೆ ತಾಜಾ ಬೂದಿಯಲ್ಲಿ ಅಯೋಡಿನ್-133 ಮತ್ತು 135 ಕೂಡ ಹೇರಳ. ಮೊದಲನೆಯದರ ಅರ್ಧಾಯುಷ್ಯ 21 ಗಂಟೆಯಷ್ಟು, ಎರಡನೆಯದರದು ಏಳು ಗಂಟೆಗೂ ಕಡಿಮೆ. ಹದಿನಾರನೇ ದಿನಕ್ಕೆ ಅಯೋಡಿನ್-133ರ ಲಕ್ಷದಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ, ಇನ್ನೊಂದರ ಸುಳಿವೂ ಸಿಗುವುದಿಲ್ಲ. ಸಂತೆ ಚದುರಿದ ಮೇಲೆ ಬಿದ್ದಿರುವ ಸೊಪ್ಪುಸದೆ ನೋಡಿ ಬೆಳಗಿನ ವ್ಯಾಪಾರ ಎಷ್ಟಾಗಿತ್ತೆಂದು ಹೇಳುವಂಥ ಕೆಲಸ ಇದು.

ಆರಂಭದ ಅಂದಾಜುಗಳು ಹೆಚ್ಚಾಗಿ ಕಂಡದ್ದನ್ನೇ ನೆಚ್ಚಿಕೊಂಡವು. ಅಯೋಡಿನ್-131ರ ಆಧಾರದ ಮೇಲೆ ವಯಸ್ಕರ ಥೈರಾಯ್ಡ್ ಡೋಸು ಸುಮಾರು 1.6 ಗ್ರೇ ಎಂದವು. ಮಕ್ಕಳ ವಿಷಯ ಇನ್ನೂ ಕಷ್ಟದ್ದು. ವಯಸ್ಕರ ಥೈರಾಯ್ಡ್ ಸುಮಾರು 20 ಗ್ರಾಂ ತೂಗಿದರೆ ಒಂದು ವರ್ಷದ ಮಗುವಿನದು ಅದರ ಹತ್ತನೇ ಒಂದು ಭಾಗದಷ್ಟು. ಅಷ್ಟೇ ಅಯೋಡಿನ್ ಅಷ್ಟು ಪುಟ್ಟ ಗ್ರಂಥಿಗೆ ಸೇರಿದರೆ ಡೋಸು ಹತ್ತು ಪಟ್ಟಾಗುತ್ತದೆ. ಆದರೆ ಮಗು ವಯಸ್ಕರಷ್ಟೇ ತಿಂದಿತೇ, ಕಡಿಮೆ ತಿಂದಿತೇ, ಅಥವಾ ನೆಲದ ಮೇಲಿನ ಪುಡಿಯನ್ನೇ ಬಾಯಿಗೆ ಹಾಕಿಕೊಂಡಿತೇ? ಮೂತ್ರದ ಬಾಟಲಿಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಮಕ್ಕಳ ಕೊರಳಿನಿಂದಲೇ. 1963ರಲ್ಲಿ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ವೈದ್ಯರು ರೊಂಗೆಲಾಪ್‌ನ ಹುಡುಗಿಯೊಬ್ಬಳ ಥೈರಾಯ್ಡ್‌ನಲ್ಲಿ ಗಂಟು ಕಂಡರು. ಬಳಿಕ ಒಂದಾದ ಮೇಲೊಂದು. ಬ್ರಾವೋ ಸಿಡಿದಾಗ ರೊಂಗೆಲಾಪ್‌ನಲ್ಲಿ ಹತ್ತು ವರ್ಷದೊಳಗಿದ್ದ 19 ಮಕ್ಕಳಲ್ಲಿ 17 ಮಂದಿಯ ಥೈರಾಯ್ಡ್ ಕೆಟ್ಟಿತು. ಇಬ್ಬರು ಹುಡುಗರ ಬೆಳವಣಿಗೆಯೇ ಕುಂಠಿತವಾಯಿತು. ಅವರ ಗ್ರಂಥಿ ಬಹುಪಾಲು ನಾಶವಾಗಿತ್ತು. ಆ ದಿನ ಒಂದು ವರ್ಷದ ಕೂಸಾಗಿದ್ದ ಇನ್ನೊಬ್ಬ ಹುಡುಗ 1972ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡ. ಇಷ್ಟೆಲ್ಲ ಆಗುವಂತೆ ಮಾಡಲು ಕಾಗದದ ಮೇಲಿದ್ದ ಡೋಸು ಸಾಲುತ್ತಿರಲಿಲ್ಲ.

ಬ್ರೂಕ್‌ಹೇವನ್ ತಂಡ 1985ರಲ್ಲಿ ಹೊಸ ಲೆಕ್ಕ ಪ್ರಕಟಿಸಿತು. ಅದಕ್ಕೆ ಕೀಲಿಕೈ ಸಿಕ್ಕಿದ್ದು ಜಪಾನಿನಿಂದ. ಬ್ರಾವೋ ಬೂದಿ ‘ಲಕ್ಕಿ ಡ್ರ್ಯಾಗನ್’ ಎಂಬ ಜಪಾನಿ ಮೀನುಗಾರಿಕೆ ದೋಣಿಯ ಮೇಲೂ ಸುರಿದಿತ್ತು. ಅದರ 23 ಮಂದಿ ಬೆಸ್ತರು ಕಾಯಿಲೆ ಬಿದ್ದು ಊರು ಸೇರಿದರು, ಒಬ್ಬರು ಅದೇ ಸೆಪ್ಟೆಂಬರಿನಲ್ಲಿ ಸತ್ತರು. ದೋಣಿಗೆ ಅಂಟಿದ್ದ ಬೂದಿಯನ್ನು ಜಪಾನಿನ ರಸಾಯನ ವಿಜ್ಞಾನಿಗಳು ಕೂಡಲೇ ಬಿಡಿಸಿ ನೋಡಿ, ಅದರಲ್ಲಿ ಯಾವ ಪರಮಾಣು ಎಷ್ಟು ಎಂದು ಬರೆದಿಟ್ಟಿದ್ದರು. ಆ ಅನುಪಾತದ ಮೂಲಕ, ಮೂತ್ರದಲ್ಲಿ ಉಳಿದಿದ್ದ ಅಯೋಡಿನ್-131ರಿಂದ ಹಿಂದಕ್ಕೆ ಹೋಗಿ, ಮಾಯವಾಗಿದ್ದ ಅಯೋಡಿನ್‌ಗಳ ಪಾಲನ್ನು ಕಂಡುಕೊಂಡರು. ವಯಸ್ಕರಿಗೆ ಸುಮಾರು 10 ಗ್ರೇ, ಒಂದು ವರ್ಷದ ಮಗುವಿಗೆ ಸುಮಾರು 50 ಗ್ರೇ. ಬಾಂಬ್ ಸಿಡಿಸಿದ ದೇಶದ ಕಡತದಲ್ಲಿ ಇಲ್ಲದ ಮಾಹಿತಿ, ಪೆಟ್ಟು ತಿಂದವರ ದೋಣಿಯ ಮೇಲಿತ್ತು.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಹೊಸ ಲೆಕ್ಕಕ್ಕೆ ಆಧಾರ ಬೂದಿ ಮತ್ತು ಮೂತ್ರ, ನಿಜ. ಆದರೆ ಹಳೆಯ ಲೆಕ್ಕ ಸರಿಯಿಲ್ಲ ಎಂಬ ಅನುಮಾನ ಹುಟ್ಟಿಸಿದ್ದು ಕಾಯಿಲೆ. ಡೋಸು ಮೊದಲು, ಕಾಯಿಲೆ ಆಮೇಲೆ ಎಂಬ ಪಠ್ಯಪುಸ್ತಕದ ಕ್ರಮ ಇಲ್ಲಿ ತಿರುಗುಮುರುಗಾಯಿತು. ಮಕ್ಕಳು ಇನ್ನೂ ಕಡಿಮೆ ಇದ್ದಿದ್ದರೆ, ವೈದ್ಯರು ವರ್ಷವರ್ಷವೂ ಬಂದು ಕೊರಳು ಮುಟ್ಟಿ ನೋಡದೇ ಇದ್ದಿದ್ದರೆ, 1.6 ಗ್ರೇ ಎಂಬುದೇ ಇವತ್ತಿಗೂ ಸರ್ಕಾರಿ ಸತ್ಯವಾಗಿ ಉಳಿಯುತ್ತಿತ್ತು. ವೈದ್ಯರು ಹಾಗೆ ಬಂದು ನೋಡದ ದ್ವೀಪಗಳು ಹತ್ತಾರು ಇದ್ದವು.

ಹೋಲಿಕೆಗೆಂದು ಕರೆತಂದವರು

ಡೋಸಿನ ಪರಿಣಾಮ ತಿಳಿಯಲು ಡೋಸು ತಾಗದ ಜನರೂ ಬೇಕು. 1957ರಲ್ಲಿ ರೊಂಗೆಲಾಪ್ ವಾಸಕ್ಕೆ ಯೋಗ್ಯ ಎಂದು ಸಾರಿ ಜನರನ್ನು ಹಿಂದಕ್ಕೆ ಕಳಿಸಿದರು. ಬೂದಿ ಬಿದ್ದ ದಿನ ಬೇರೆ ಕಡೆ ಇದ್ದ ಅವರ ನೆಂಟರಿಷ್ಟರೂ ಜೊತೆಗೆ ಬಂದರು. ಒಂದೇ ಕುಲ, ಒಂದೇ ಊಟ, ಒಂದೇ ಊರು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಗುಂಪು ಸಿಗದು ಎಂದು ವೈದ್ಯರಿಗೆ ಅನಿಸಿತು. ಸಮಸ್ಯೆ ಏನೆಂದರೆ ಊರು ಕಲುಷಿತವಾಗಿಯೇ ಇತ್ತು. ‘ತಾಗದವರು’ ಎಂಬ ಕಂಬಸಾಲಿನಲ್ಲಿ ಬರೆಯಲಾದ ಹೆಸರುಗಳು ಅಲ್ಲಿನ ತೆಂಗು, ಕೇದಗೆ ಜಾತಿಯ ಪಾಂಡಾನಸ್ ಹಣ್ಣು, ಏಡಿ ತಿನ್ನುತ್ತಾ ಬದುಕಿದವು. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಕಡಿಮೆ ಕಂಡರೆ ಅದರ ಅರ್ಥ ವಿಕಿರಣದಿಂದ ಹಾನಿ ಕಡಿಮೆ ಎಂದೋ, ಇಬ್ಬರಿಗೂ ಹಾನಿಯಾಗಿದೆ ಎಂದೋ?

ಇದನ್ನು ಅಜ್ಞಾನ ಎಂದು ಬಿಟ್ಟುಬಿಡುವುದು ಕಷ್ಟ. 1956ರ ಜನವರಿಯಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಸಲಹಾ ಸಮಿತಿ ಸಭೆಯಲ್ಲಿ ಆಯೋಗದ ಆರೋಗ್ಯ ಮತ್ತು ಸುರಕ್ಷತಾ ಪ್ರಯೋಗಾಲಯದ ಮೆರಿಲ್ ಐಸನ್‌ಬಡ್, ಕಲುಷಿತ ಪರಿಸರದಲ್ಲಿ ಬದುಕುವ ಮನುಷ್ಯರ ದೇಹ ಎಷ್ಟು ವಿಕಿರಣ ಹೀರಿಕೊಳ್ಳುತ್ತದೆ ಎಂದು ಅಳೆಯುವುದು ಬಹಳ ಸ್ವಾರಸ್ಯಕರವಾದೀತು ಎಂದರು. ಈ ಜನ ನಾಗರಿಕ ಪಾಶ್ಚಾತ್ಯರಂತೆ ಬದುಕುವವರಲ್ಲವಾದರೂ ಇಲಿಗಳಿಗಿಂತ ನಮಗೆ ಹತ್ತಿರದವರು ಎಂದೂ ಸೇರಿಸಿದರು. ಮಾತು ಕಡತದಲ್ಲಿದೆ. ಡೋಸಿನ ಪಟ್ಟಿಗಳನ್ನು ದ್ವೀಪದವರು ಇವತ್ತಿಗೂ ಯಾಕೆ ನಂಬುವುದಿಲ್ಲ ಎಂದು ಕೇಳುವ ತಜ್ಞರು ಮೊದಲು ಆ ಕಡತವನ್ನು ಓದಬೇಕು. 1985ರ ಮೇ ತಿಂಗಳಲ್ಲಿ ರೊಂಗೆಲಾಪ್‌ನವರು ಸರ್ಕಾರದ ಭರವಸೆಗೆ ಕಾಯದೆ, ಗ್ರೀನ್‌ಪೀಸ್ ಸಂಘಟನೆಯ ಹಡಗಿನಲ್ಲಿ ತಾವಾಗಿಯೇ ಊರು ಬಿಟ್ಟರು.

ಬಿಕಿನಿಯ ಕಥೆಯಲ್ಲಿ ಎಡವಿದ್ದು ಊಟದ ಲೆಕ್ಕ. 1946ರಲ್ಲಿ ಎತ್ತಂಗಡಿಯಾಗಿದ್ದ ಬಿಕಿನಿಯ ಕೆಲವು ಕುಟುಂಬಗಳು ಎಪ್ಪತ್ತರ ದಶಕದ ಆರಂಭದಲ್ಲಿ ಮರಳಿದವು. ಹೊಸದಾಗಿ ನೆಟ್ಟ ತೆಂಗು ಫಲ ಕೊಡತೊಡಗಿದಂತೆ ಜನರ ಮೈಯಲ್ಲಿ ಸೀಸಿಯಂ-137 ಏರುತ್ತಾ ಹೋಯಿತು, 1978ರಲ್ಲಿ ಅವರನ್ನು ಮತ್ತೆ ಹೊರಗೆ ಸಾಗಿಸಬೇಕಾಯಿತು. ಹವಳದ ಮಣ್ಣು ಸುಣ್ಣಮಯ. ಅದರಲ್ಲಿ ಜೇಡಿ ಇಲ್ಲ, ಪೊಟ್ಯಾಸಿಯಂ ಬಲು ಕಡಿಮೆ. ಪೊಟ್ಯಾಸಿಯಂಗೆ ಹಸಿದ ತೆಂಗಿನ ಬೇರು ರಾಸಾಯನಿಕವಾಗಿ ಅದರ ಸೋದರನಂತಿರುವ ಸೀಸಿಯಂ ಅನ್ನು ಹೀರಿಕೊಳ್ಳುತ್ತದೆ. ಬೇರೆ ಮಣ್ಣಿನಲ್ಲಿ ಅಳೆದು ಮಾಡಿದ್ದ ಸೂತ್ರಗಳು ಇಲ್ಲಿ ಕೈಕೊಟ್ಟವು. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ತೋಟಗಳಿಗೆ ಪೊಟ್ಯಾಸಿಯಂ ಗೊಬ್ಬರ ಹಾಕಿದಾಗ ಎಳನೀರು, ಕಾಯಿಗಳಲ್ಲಿ ಸೀಸಿಯಂ ಗಣನೀಯವಾಗಿ ಇಳಿಯಿತು. ಕರಾವಳಿಯ ತೆಂಗು ಬೆಳೆಗಾರರಿಗೆ ಪೊಟ್ಯಾಶ್ ಹೊಸದಲ್ಲ, ಅದು ವಿಕಿರಣಕ್ಕೂ ಮದ್ದಾದೀತೆಂದು ಯಾರು ಎಣಿಸಿದ್ದರು!

170 ಎಂಬ ಸಂಖ್ಯೆ

ಇಡೀ ದೇಶಕ್ಕೆ ಅನ್ವಯಿಸುವ ಲೆಕ್ಕ ಬಂದದ್ದು 2010ರಲ್ಲಿ. ಸ್ಟೀವನ್ ಸೈಮನ್, ಆಂದ್ರೆ ಬೂವಿಲ್, ಹೆರಾಲ್ಡ್ ಬೆಕ್, ಚಾರ್ಲ್ಸ್ ಲ್ಯಾಂಡ್ ಮುಂತಾದವರಿದ್ದ ಕ್ಯಾನ್ಸರ್ ಸಂಸ್ಥೆಯ ತಂಡ ಬೂದಿ ಚೆಲ್ಲಿದ 20 ಪರೀಕ್ಷೆಗಳನ್ನು, 63 ಬಗೆಯ ವಿಕಿರಣ ಪರಮಾಣುಗಳನ್ನು, ದ್ವೀಪದಿಂದ ದ್ವೀಪಕ್ಕೆ ಲೆಕ್ಕ ಹಾಕಿತು. ಐವತ್ತರ ದಶಕದಲ್ಲಿ ಅಂಟು ಸವರಿ ಬಯಲಲ್ಲಿಟ್ಟಿದ್ದ ಹಾಳೆಗಳ ದಾಖಲೆ, ವಿಮಾನ ಸಮೀಕ್ಷೆಗಳು, 1978ರಲ್ಲೂ ತೊಂಬತ್ತರ ದಶಕದಲ್ಲೂ ಮಣ್ಣಿನಲ್ಲಿ ಅಳೆದ ಸೀಸಿಯಂ, ಗಾಳಿಯ ಹಳೆಯ ದಾಖಲೆ, ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಿದರು. ಈ ಬಗೆಯ ಕೆಲಸದಲ್ಲಿ ನಾನು ಓದಿದ ಅತ್ಯಂತ ಪ್ರಾಮಾಣಿಕ ಪ್ರಯತ್ನಗಳಲ್ಲಿ ಇದೂ ಒಂದು. ಏಕೆಂದರೆ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದು ಎಷ್ಟು ಅಲುಗಾಡಬಹುದು ಎಂದು ಬರೆದಿದ್ದಾರೆ.

ಅವರ ಪ್ರಕಾರ ವಯಸ್ಕರ ಥೈರಾಯ್ಡ್ ಡೋಸು ರೊಂಗೆಲಾಪ್‌ನಲ್ಲಿ ಸುಮಾರು 7.6 ಗ್ರೇ, ಉಟ್ರಿಕ್‌ನಲ್ಲಿ ಅದರ ಹತ್ತನೇ ಒಂದು. ರಾಜಧಾನಿ ಮಜುರೊ ಇರುವ ದಕ್ಷಿಣದ ದ್ವೀಪಗಳಲ್ಲಿ ಅದು ಗ್ರೇಯ ನೂರರಲ್ಲಿ ಕೆಲವು ಪಾಲು ಮಾತ್ರ. 1948ರಿಂದ 1970ರ ನಡುವೆ ಬದುಕಿದ್ದ ಸುಮಾರು 25 ಸಾವಿರ ಮಾರ್ಷಲ್ ಜನರಲ್ಲಿ ಜೀವಮಾನವಿಡೀ ಸಹಜವಾಗಿ ಬರಬಹುದಾದ ಕ್ಯಾನ್ಸರ್‌ಗಳು ಸುಮಾರು 10,600. ಬೂದಿಯಿಂದ ಹೆಚ್ಚುವರಿಯಾಗಿ ಬರುವುದು ಸುಮಾರು 170. ಒಟ್ಟಿನ ಶೇ 1.6, ಅನಿಶ್ಚಿತತೆ ಸೇರಿಸಿದರೆ ಶೇ 0.4ರಿಂದ 3.4. ರೊಂಗೆಲಾಪ್ ಮತ್ತು ಐಲಿಂಗಿನೇಯಲ್ಲಿದ್ದ 82 ಮಂದಿಯ ಮಟ್ಟಿಗೆ ಆ ಪಾಲು ಶೇ 55, ಉಟ್ರಿಕ್‌ನ 157 ಮಂದಿಗೆ ಶೇ 10, ದಕ್ಷಿಣದವರಿಗೆ ಶೇ 0.8.

ಇದೇ ಸಂಸ್ಥೆ 2004ರಲ್ಲಿ ಅಮೆರಿಕದ ಸೆನೆಟ್ ಸಮಿತಿಗೆ ಅವಸರದಲ್ಲಿ ಕೊಟ್ಟ ಅಂದಾಜು ಸುಮಾರು 500 ಹೆಚ್ಚುವರಿ ಕ್ಯಾನ್ಸರ್‌ಗಳದ್ದು. ಆರು ವರ್ಷಗಳಲ್ಲಿ ಅದು ಮೂರನೇ ಒಂದಕ್ಕೆ ಇಳಿಯಿತು. ಮಜುರೊದಲ್ಲಿ ಇದನ್ನು ಕೇಳಿದವರಿಗೆ ಸಿಟ್ಟು ಬಂದರೆ ಸಹಜ. ಆದರೂ ಇಳಿದದ್ದೆಲ್ಲ ಮೋಸ ಎನ್ನುವಂತಿಲ್ಲ. ಮೊದಲನೆಯದು ಸುರಕ್ಷಿತ ಬದಿಗೆ ವಾಲಿಸಿದ ಒರಟು ಲೆಕ್ಕ, ಎರಡನೆಯದಕ್ಕೆ ಹೆಚ್ಚು ದಾಖಲೆಗಳ ಬಲವಿತ್ತು. ಹೋರಾಟಗಾರರಿಗೆ ರುಚಿಸದ ಇನ್ನೊಂದು ಮಾತನ್ನೂ ಅದು ಹೇಳುತ್ತದೆ: ಮಜುರೊದಲ್ಲಿ ಇವತ್ತು ಕ್ಯಾನ್ಸರ್ ಬಂದವರಲ್ಲಿ ಬಹುತೇಕರಿಗೆ ಕಾರಣ ಬೂದಿಯಲ್ಲ. ಮಾರ್ಷಲ್ ದ್ವೀಪಗಳ ಗರ್ಭಕಂಠ ಕ್ಯಾನ್ಸರ್ ದರ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿದೆ, ಅದರ ಮೂಲ ವೈರಸ್. ಕ್ಯಾನ್ಸರ್ ಚಿಕಿತ್ಸೆಗೆ ಅಲ್ಲಿನ ರೋಗಿ ಸಮುದ್ರ ದಾಟಿ ಹವಾಯಿಗೋ ಫಿಲಿಪ್ಪೀನ್ಸಿಗೋ ಹೋಗಬೇಕು. 170ನ್ನು 500 ಮಾಡಿದರೂ ಆ ರೋಗಿಯ ಪಾಡು ಬದಲಾಗದು.

ಹಾಗೆಯೇ ಡೋಸಿನ ಲೆಕ್ಕಕ್ಕೆ ಸಿಗದ ಹಾನಿಯೂ ಇದೆ. ಊರು ಬಿಟ್ಟು ಕಿಲಿ ಎಂಬ, ಒಳಗಡಲು ಇಲ್ಲದ, ಮೀನುಗಾರಿಕೆಗೆ ಒಗ್ಗದ ದ್ವೀಪ ಸೇರಿದ ಬಿಕಿನಿಯವರು ಡಬ್ಬಿ ಆಹಾರಕ್ಕೆ ಬಿದ್ದರು. ಅವರಿಗೆ ಬಂದ ಮಧುಮೇಹಕ್ಕೆ ಮಿಲಿಗ್ರೇಯಲ್ಲಿ ಅಳತೆಯಿಲ್ಲ.

ಜನಸಮೂಹದ ಮಟ್ಟದಲ್ಲಿ ಇಷ್ಟೆಲ್ಲ ಹೇಳಬಲ್ಲ ಸಂಖ್ಯೆ, ಒಬ್ಬ ವ್ಯಕ್ತಿಯ ಮುಂದೆ ಬಂದೊಡನೆ ಮೂಕವಾಗುತ್ತದೆ. ಉಟ್ರಿಕ್‌ನ ಹತ್ತು ಕ್ಯಾನ್ಸರ್‌ಗಳಲ್ಲಿ ಒಂದು ಬೂದಿಯದು ಎನ್ನಬಹುದು, ಯಾವುದೆಂದು ತೋರಿಸಲಾಗದು. ಗೆಡ್ಡೆಯ ಮೇಲೆ ಬಾಂಬಿನ ಮುದ್ರೆ ಇರುವುದಿಲ್ಲ.

ಮಾರ್ಷಲ್ ದ್ವೀಪಗಳ ಅಣುಪರಿಹಾರ ನ್ಯಾಯಮಂಡಳಿ ಇದನ್ನು ಅರಿತೇ ಬೇರೆ ದಾರಿ ಹಿಡಿಯಿತು. 1986ರ ಮುಕ್ತ ಸಹಯೋಗ ಒಪ್ಪಂದದಂತೆ ಅಮೆರಿಕ 15 ಕೋಟಿ ಡಾಲರ್ ನಿಧಿ ಕೊಟ್ಟಿತ್ತು. ಪರೀಕ್ಷೆಗಳ ವರ್ಷಗಳಲ್ಲಿ ದೇಶದ ಯಾವ ದ್ವೀಪದಲ್ಲಿದ್ದರೂ ಸರಿ, ಪಟ್ಟಿಯಲ್ಲಿರುವ 36 ಕಾಯಿಲೆಗಳಲ್ಲಿ ಒಂದು ಬಂದಿದ್ದರೆ ಪರಿಹಾರಕ್ಕೆ ಅರ್ಹರು, ಡೋಸು ಸಾಬೀತುಪಡಿಸಬೇಕಾಗಿಲ್ಲ. ಅಮೆರಿಕ ತನ್ನದೇ ನೆವಾಡಾ ಪರೀಕ್ಷಾ ನೆಲದ ಗಾಳಿಯ ಹಾದಿಯಲ್ಲಿದ್ದ ಪ್ರಜೆಗಳಿಗೆ 1990ರಲ್ಲಿ ಮಾಡಿದ ಕಾನೂನಿನಲ್ಲೂ ಇದೇ ತತ್ವವಿದೆ. ದಾರಿ ಸರಿಯಿತ್ತು, ಹಣ ಸಾಲಲಿಲ್ಲ. ಜಮೀನು ಹಾನಿ ಸೇರಿ ಮಂಡಳಿ ಘೋಷಿಸಿದ ಒಟ್ಟು ಪರಿಹಾರ 230 ಕೋಟಿ ಡಾಲರ್ ದಾಟಿತು, ನಿಧಿ ಬರಿದಾಯಿತು. 2023ರಲ್ಲಿ ಸಹಿಯಾದ ಒಪ್ಪಂದದಲ್ಲಿ ಅಮೆರಿಕ 70 ಕೋಟಿ ಡಾಲರ್ ನಿಧಿಗೆ ಒಪ್ಪಿದೆ.

ಅಮೆರಿಕ ಮಾತ್ರ ಅಧಿಕೃತವಾಗಿ ಪೀಡಿತವೆಂದು ಒಪ್ಪುತ್ತಾ ಬಂದದ್ದು ನಾಲ್ಕೇ ಹವಳದ್ವೀಪಗಳನ್ನು: ಬಿಕಿನಿ, ಎನೆವೆಟಕ್, ರೊಂಗೆಲಾಪ್, ಉಟ್ರಿಕ್. ಉಟ್ರಿಕ್‌ಗೆ ಹತ್ತಿರದ ಐಲುಕ್‌ನಲ್ಲಿ 1954ರಲ್ಲಿ 401 ಮಂದಿ ಇದ್ದರು. ಅವರ ಡೋಸು 20 ರಾಂಟ್ಜೆನ್ ಮೀರದು ಎಂದು ಅಂದಾಜಿಸಿ, ಅಷ್ಟು ಜನರನ್ನು ಸಾಗಿಸುವ ತಾಪತ್ರಯವೇಕೆಂದು ಬಿಟ್ಟರು. ಉಟ್ರಿಕ್‌ನ 157 ಮಂದಿಯನ್ನು ಕರೆದೊಯ್ದದ್ದು 14 ಎಂಬ ಲೆಕ್ಕಕ್ಕೆ. ಹಡಗಿನಲ್ಲಿ ಹಿಡಿಸುವಷ್ಟು ಜನ ಇದ್ದ ಕಡೆ ಡೋಸು ಅಪಾಯಕಾರಿ, ಹಿಡಿಸದ ಕಡೆ ಸಹನೀಯ!

ಪ್ಯಾರಿಸ್ ಎಳೆದ ಗೆರೆ

ಫ್ರಾನ್ಸ್ 1966ರಿಂದ 1996ರವರೆಗೆ ತನ್ನ ಆಳ್ವಿಕೆಯ ಪಾಲಿನೇಷ್ಯಾದ ಮೊರುರೊವಾ ಮತ್ತು ಫಂಗಟೌಫಾ ಹವಳದ್ವೀಪಗಳಲ್ಲಿ 193 ಪರೀಕ್ಷೆ ನಡೆಸಿತು. 1974ರವರೆಗೆ ನಡೆದವು ಬಯಲಲ್ಲಿ. ಮೊದಲ ಬಾಂಬೇ ಗಾಂಬಿಯೇ ದ್ವೀಪಗಳ ಮೇಲೆ ಧೂಳು ಸುರಿಸಿತು. 1974ರ ಜುಲೈ 17ರ ‘ಸೆಂಟೌರ್’ ಪರೀಕ್ಷೆಯ ಮೋಡ ಅಂದುಕೊಂಡ ಎತ್ತರಕ್ಕೆ ಏರದೆ, ಅಂದುಕೊಂಡ ದಿಕ್ಕಿಗೂ ಹೋಗದೆ, 42 ಗಂಟೆಗಳಲ್ಲಿ ತಹೀತಿಯನ್ನು ಮುಟ್ಟಿತು. ಜನರಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ.

2010ರ ಪರಿಹಾರ ಕಾನೂನಿನಲ್ಲಿ ಕಾಯಿಲೆಗಳ ಪಟ್ಟಿಯಿದೆ, ಸ್ಥಳ ಮತ್ತು ಅವಧಿಯ ಷರತ್ತಿದೆ, ಜೊತೆಗೆ ಅಪಾಯ ನಗಣ್ಯವಾಗಿದ್ದರೆ ಅರ್ಜಿ ತಿರಸ್ಕರಿಸುವ ಅವಕಾಶವೂ ಇತ್ತು. ಆ ಅವಕಾಶ ಬಳಸಿ ಬಹುಪಾಲು ಅರ್ಜಿಗಳನ್ನು ತಳ್ಳಿಹಾಕಿದರು. ಗದ್ದಲವಾದ ಮೇಲೆ 2017ರಲ್ಲಿ ಅದನ್ನು ತೆಗೆದರು, 2018ರ ಕೊನೆಗೆ ಹೊಸ ಗೆರೆ ಎಳೆದರು: ವರ್ಷವೊಂದರಲ್ಲಿ 1 ಮಿಲಿಸೀವರ್ಟ್‌ಗಿಂತ (ಸೀವರ್ಟ್ ಎಂದರೆ ದೇಹಕ್ಕಾಗುವ ಹಾನಿಯನ್ನು ಲೆಕ್ಕಕ್ಕೆ ಹಿಡಿದ ಡೋಸಿನ ಅಳತೆ) ಕಡಿಮೆ ಡೋಸು ತಾಗಿತ್ತೆಂದು ಪರಿಹಾರ ಸಮಿತಿ ತೋರಿಸಿದರೆ ಪರಿಹಾರವಿಲ್ಲ. ತೋರಿಸುವುದು ಹೇಗೆ? ಫ್ರಾನ್ಸಿನ ಅಣುಶಕ್ತಿ ಸಂಸ್ಥೆ 2006ರಲ್ಲಿ ಆರು ಪರೀಕ್ಷೆಗಳಿಗೆ ಮಾಡಿಟ್ಟಿದ್ದ ಡೋಸಿನ ಕೋಷ್ಟಕಗಳ ಮೂಲಕ. ಬಾಂಬ್ ಮಾಡಿದ ಸಂಸ್ಥೆಯೇ ಬರೆದ ಕೋಷ್ಟಕ ಎಂಬುದನ್ನು ಸದ್ಯಕ್ಕೆ ಬದಿಗಿಡೋಣ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಫಿಲಿಪ್ ಮತ್ತು ಕೆಲವು ತನಿಖಾ ಪತ್ರಕರ್ತರು, ಗೌಪ್ಯತೆ ತೆರವಾದ ಸುಮಾರು ಎರಡು ಸಾವಿರ ಪುಟಗಳ ಸೇನಾ ಕಾಗದಗಳನ್ನು ಇಟ್ಟುಕೊಂಡು ಆ ಕೋಷ್ಟಕಗಳನ್ನು ಮತ್ತೆ ಮಾಡಿ ನೋಡಿದರು. 2021ರಲ್ಲಿ ಹೊರಬಿದ್ದ ಫಲಿತಾಂಶ: ಡೋಸುಗಳು ಎರಡರಿಂದ ಹತ್ತು ಪಟ್ಟು ಹೆಚ್ಚಿರಬಹುದು, ಸೆಂಟೌರ್ ಒಂದರಿಂದಲೇ ಸುಮಾರು 1,10,000 ಮಂದಿ ಆ ಗೆರೆ ದಾಟಿರಬಹುದು. ಅಂದಿನ ಫ್ರೆಂಚ್ ಪಾಲಿನೇಷ್ಯಾದ ಹೆಚ್ಚೂಕಡಿಮೆ ಇಡೀ ಜನಸಂಖ್ಯೆ ಅದು. ವ್ಯತ್ಯಾಸ ಹುಟ್ಟಿದ್ದು ಗಹನವಾದ ಭೌತಶಾಸ್ತ್ರದಿಂದ ಅಲ್ಲ. ಗಾಂಬಿಯೇಯ ಜನ ಕುಡಿದದ್ದು ತೊರೆಯ ನೀರು ಎಂದು ಸರ್ಕಾರಿ ಲೆಕ್ಕ ಹಿಡಿದಿತ್ತು. ಜನ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರನ್ನೂ ಕುಡಿಯುತ್ತಿದ್ದರು, ಧೂಳು ಇಳಿದು ಬಂದದ್ದು ಮಳೆಯ ಜೊತೆಗೇ. ಊರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಗೊತ್ತಾಗುತ್ತಿದ್ದ ಸಂಗತಿ.

ಈಗ ಆ 1 ಮಿಲಿಸೀವರ್ಟ್ ಗೆರೆಯನ್ನೇ ನೋಡೋಣ. ಸಾಮಾನ್ಯ ನಾಗರಿಕರಿಗೆ ಅಣುಸ್ಥಾವರಗಳಿಂದ ವರ್ಷಕ್ಕೆ ತಾಗಬಹುದಾದ ಗರಿಷ್ಠ ಮಿತಿ ಎಂದು ಅಂತರರಾಷ್ಟ್ರೀಯವಾಗಿ ಒಪ್ಪಿರುವ ಅಂಕಿ ಅದು. ಕೈಗಾ ಸ್ಥಾವರದ ಸುತ್ತಲಿನ ಹಳ್ಳಿಗಳಿಗೆ ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಇಟ್ಟಿರುವುದೂ ಅದೇ. ಸ್ಥಾವರ ನಡೆಸುವವರನ್ನು ಹದ್ದಿನಲ್ಲಿಡಲು ಮಾಡಿದ ಮಿತಿ ಅದು, ಇದರ ಕೆಳಗೆ ಕಾಯಿಲೆ ಬರದು ಮೇಲೆ ಬರುತ್ತದೆ ಎಂದು ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ. ಪ್ರಕೃತಿಯಿಂದಲೇ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ತಾಗುತ್ತದೆ. ಒಂದು ಮಿಲಿಸೀವರ್ಟ್‌ನಿಂದ ಹೆಚ್ಚುವ ಕ್ಯಾನ್ಸರ್ ಅಪಾಯ ಲಕ್ಷಕ್ಕೆ ಐದರ ಆಸುಪಾಸು. ಹೀಗಾಗಿ ಗೆರೆ ಎರಡೂ ಕಡೆಯಿಂದ ತಪ್ಪು. ಅದರ ಮೇಲಿರುವವರ ಕ್ಯಾನ್ಸರ್‌ಗೆ ಬಾಂಬೇ ಕಾರಣ ಎಂದು ಅದು ತೋರಿಸುವುದಿಲ್ಲ, ಕೆಳಗಿರುವವರದು ಅಲ್ಲ ಎಂದೂ ತೋರಿಸುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದಾಜಿನ ಅಲುಗಾಟದ್ದು. ಹತ್ತು ಪಟ್ಟಿನವರೆಗೆ ತಕರಾರಿರುವ ಲೆಕ್ಕದಲ್ಲಿ 0.9 ಮತ್ತು 1.1ರ ನಡುವೆ ಗೆರೆ ಹಾಕಿ ಒಬ್ಬರಿಗೆ ಹಣ, ಇನ್ನೊಬ್ಬರಿಗೆ ತಿರಸ್ಕಾರ ಪತ್ರ ಕಳಿಸುವುದು ಅಂಕಗಣಿತದ ವೇಷ ತೊಟ್ಟ ಅದೃಷ್ಟದಾಟ.

ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದು ಮಾರ್ಷಲ್ ದ್ವೀಪಗಳಲ್ಲೂ ಹಣದ ಪ್ರಶ್ನೆಯಾಗಿತ್ತು. ನೆಲ ಶುಚಿಗೊಳಿಸುವ ವಿಷಯದಲ್ಲಿ ಅಮೆರಿಕದ ಅಧಿಕಾರಿಗಳು ಮುಂದಿಟ್ಟದ್ದು ವರ್ಷಕ್ಕೆ 1 ಮಿಲಿಸೀವರ್ಟ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸ್ವದೇಶದಲ್ಲಿ ಬಳಸುತ್ತಿದ್ದ 0.15ರ ಮಿತಿಯೇ ಇಲ್ಲೂ ಬೇಕು ಎಂದು ನ್ಯಾಯಮಂಡಳಿ ಪಟ್ಟು ಹಿಡಿಯಿತು. ಪರಿಹಾರದ ಮೊತ್ತ ಅಷ್ಟು ದೊಡ್ಡದಾದುದಕ್ಕೆ ಈ ಆಯ್ಕೆಯೂ ಒಂದು ಕಾರಣ.

ಡೋಸು ಲೆಕ್ಕ ಹಾಕುವುದನ್ನೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಪಾಲಿನೇಷ್ಯಾದ ಥೈರಾಯ್ಡ್ ಕ್ಯಾನ್ಸರ್ ರೋಗಿಗಳ ಮೇಲೆ ಫ್ರೆಂಚ್ ಸಂಶೋಧಕರು ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥ ಕ್ಯಾನ್ಸರ್‌ಗಳಲ್ಲಿ ಶೇ 2ರ ಆಸುಪಾಸು ಮಾತ್ರ ಧೂಳಿಗೆ ಸೇರಬಹುದು ಎಂದಿತು. ಇಂಥ ಉತ್ತರ ಆರೋಗ್ಯ ಇಲಾಖೆಗೆ ಬೇಕು: ಯಾವ ದ್ವೀಪದಲ್ಲಿ ಯಾವ ವಯಸ್ಸಿನವರನ್ನು ತಪಾಸಣೆಗೆ ಕರೆಯಬೇಕು, ಎಲ್ಲಿ ಕೃಷಿ ಮಾಡಬಹುದು ಎಂದು ತೀರ್ಮಾನಿಸಲು. ಅದೇ ಉತ್ತರವನ್ನು ತಂದು ಒಬ್ಬ ವಿಧವೆಯ ಅರ್ಜಿಯ ಮೇಲೆ ಮೊಹರಿನಂತೆ ಒತ್ತಿದಾಗ ನನ್ನ ತಕರಾರು ಶುರುವಾಗುತ್ತದೆ. ಅಳೆಯುವ ಉಪಕರಣ, ಹಡಗು, ವೈದ್ಯರು ಎಲ್ಲವೂ ಇದ್ದು ಅಳೆಯದೇ ಹೋದವರು ಯಾರೋ, ಪುರಾವೆಯ ಕೊರತೆಯ ನಷ್ಟವೂ ಅವರ ಖಾತೆಗೇ ಬರಬೇಕು. ಅರ್ಜಿದಾರರು ಆಗ ಕೂಸುಗಳಾಗಿದ್ದರು.

ಈ ವಾದ ಶುರುವಾದ ವರ್ಷವೇ ದೆಹಲಿಯಲ್ಲೂ ಅದರ ಸದ್ದು ಕೇಳಿತ್ತು. ಬ್ರಾವೋ ಆದ ಒಂದು ತಿಂಗಳಿಗೆ, 1954ರ ಏಪ್ರಿಲ್ 2ರಂದು, ನೆಹರೂ ಲೋಕಸಭೆಯಲ್ಲಿ ಪರೀಕ್ಷೆಗಳನ್ನು ಸ್ಥಗಿತಗೊಳಿಸುವ ಒಪ್ಪಂದಕ್ಕೆ ಕರೆ ಕೊಟ್ಟರು. ಅದೇ ಏಪ್ರಿಲ್ 20ರಂದು ಮಾರ್ಷಲ್ ಜನರು ವಿಶ್ವಸಂಸ್ಥೆಗೆ ಮನವಿ ಬರೆದರು: ಪರೀಕ್ಷೆ ನಿಲ್ಲಿಸಿ, ನಿಲ್ಲಿಸಲಾಗದಿದ್ದರೆ ಮುನ್ನೆಚ್ಚರಿಕೆಯನ್ನಾದರೂ ತೆಗೆದುಕೊಳ್ಳಿ. ಆ ಮನವಿಯ ನಂತರವೂ ನಾಲ್ಕು ವರ್ಷ ಬಾಂಬ್ ಸಿಡಿದವು.

ಫ್ರಾನ್ಸಿನಲ್ಲಿ ಈಗ ಚರ್ಚೆ ಒಂದು ತಿರುವಿನಲ್ಲಿದೆ. ರಾಷ್ಟ್ರೀಯ ಸಭೆಯ ವಿಚಾರಣಾ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿ 1 ಮಿಲಿಸೀವರ್ಟ್ ಗೆರೆಯನ್ನು ಕೈಬಿಡುವಂತೆ ಶಿಫಾರಸು ಮಾಡಿತು. ಹಾಗೆ ಕೈಬಿಟ್ಟರೆ ಅರ್ಜಿದಾರರು ಎಲ್ಲಿದ್ದರು, ಯಾವ ವರ್ಷಗಳಲ್ಲಿದ್ದರು, ಯಾವ ಕಾಯಿಲೆ ಬಂದಿದೆ ಎಂಬಷ್ಟನ್ನು ತೋರಿಸಿದರೆ ಸಾಕಾಗುತ್ತದೆ, ಮಜುರೊದ ನ್ಯಾಯಮಂಡಳಿ ಮೂರು ದಶಕಗಳ ಹಿಂದೆ ಮಾಡಿದ ಹಾಗೆ. ಆಗ ಜಗಳ ಕಾಯಿಲೆಗಳ ಪಟ್ಟಿಗೆ ವರ್ಗಾವಣೆಯಾಗುತ್ತದೆ. ಸದ್ಯ ಅದರಲ್ಲಿರುವುದು 23 ಬಗೆಯ ಕ್ಯಾನ್ಸರ್. ಅದಕ್ಕೆ ಇನ್ನೇನು ಸೇರಬೇಕು ಎಂದು ತೀರ್ಮಾನಿಸಲು ಡೋಸ್ ತಜ್ಞರನ್ನು ಮತ್ತೆ ಕರೆಸಲೇಬೇಕು, ಮತ್ತು ಸೇನೆಯ ಕಪಾಟಿನಲ್ಲಿ ಇನ್ನೂ ಮುಚ್ಚಿಟ್ಟಿರುವ ಕಾಗದಗಳನ್ನು ಅವರ ಕೈಗೆ ಕೊಡಬೇಕು.